ಸ್ಟಾರ್ಮಂಟ್ (ಉತ್ತರ ಐರ್ಲೆಂಡಿನ ಶಾಸನಸಭೆ): ಒಬ್ಬರ ರಾಜೀನಾಮೆಗೆ ಇಬ್ಬರೂ ಮನೆಗೆ ಏಕೆ?

ಪ್ರಶ್ನೆ:
2022ರ ಫೆಬ್ರವರಿಯಲ್ಲಿ ಉತ್ತರ ಐರ್ಲೆಂಡಿನ ಫಸ್ಟ್ ಮಿನಿಸ್ಟರ್, ಬ್ರಿಟನ್ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟ್ ಪಕ್ಷ ಡಿಯುಪಿಯ ಪಾಲ್ ಗಿವನ್ ರಾಜೀನಾಮೆ ಕೊಟ್ಟರು. ಅದರೊಂದಿಗೆ ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಶನಲಿಸ್ಟ್ ಪಕ್ಷ ಸಿನ್ ಫೇನ್‌ನ ಮಿಶೆಲ್ ಓನೀಲ್ ಅವರ ಡೆಪ್ಯುಟಿ ಹುದ್ದೆಯೂ ಹೋಯಿತು. ಮೇಲಿನವರು ಹೋದರೆ ಡೆಪ್ಯುಟಿಯೇ ಸರ್ಕಾರ ನಡೆಸಬಹುದಿತ್ತಲ್ಲವೇ?

ಉತ್ತರ 1:
'ಡೆಪ್ಯುಟಿ' ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಇಬ್ಬರ ಅಧಿಕಾರವೂ ಸರಿಸಮ, ಹುದ್ದೆ ಜಂಟಿ. ಒಬ್ಬರು ಬಿಟ್ಟರೆ ಇನ್ನೊಬ್ಬರದೂ ತಾನಾಗಿ ಮುಗಿಯುತ್ತದೆ. ಒಂದು ಬಣವೇ ಆಳದಿರಲಿ ಎಂದು 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದಲ್ಲಿ ಬೇಕೆಂದೇ ಹೀಗೆ ಹೆಣೆದರು.

ಏಕೆಂದು ತಿಳಿಯಲು ಡೆರಿ ನಗರಸಭೆಯ ಹಳೆಯ ವಾರ್ಡುಗಳನ್ನು ನೋಡಿ. ಊರಲ್ಲಿ ಕ್ಯಾಥೊಲಿಕರೇ (ಬಹುತೇಕ ನ್ಯಾಶನಲಿಸ್ಟರು) ಹೆಚ್ಚು. ಆದರೆ ಅವರಲ್ಲಿ ಬಹುಪಾಲು ಜನರನ್ನು ಸೌತ್ ವಾರ್ಡ್‌ ಒಂದರಲ್ಲೇ ತುಂಬಿ 8 ಸ್ಥಾನ ಕೊಟ್ಟಿದ್ದರು. ನಾರ್ತ್ ವಾರ್ಡ್‌ನ 8, ವಾಟರ್‌ಸೈಡ್‌ನ 4 ಸ್ಥಾನ ಯೂನಿಯನಿಸ್ಟರಿಗೆ. ಲೆಕ್ಕ 12–8. ಜನ ಹೆಚ್ಚಿದ್ದೂ ಊರಿನ ಆಡಳಿತ ಕೈಗೆ ಬರಲಿಲ್ಲ. ಸ್ಟಾರ್ಮಂಟ್‌ನಲ್ಲೂ 1921ರಿಂದ 1972ರವರೆಗೆ ಯೂನಿಯನಿಸ್ಟರ ಒಂದೇ ಪಕ್ಷ ಆಳಿತು. ಇಷ್ಟು ಅನುಭವಿಸಿದವರು ಬರೀ ಬಹುಮತವನ್ನು ನಂಬುವುದು ಹೇಗೆ?

ಉತ್ತರ 2:
ಮತದಾನದ ನಿಯಮವನ್ನೂ ಸೇರಿಸುತ್ತೇನೆ. ಪ್ರತಿ ಸದಸ್ಯರೂ ಯೂನಿಯನಿಸ್ಟ್, ನ್ಯಾಶನಲಿಸ್ಟ್ ಅಥವಾ 'ಇತರ' ಎಂದು ನೋಂದಾಯಿಸಿಕೊಳ್ಳಬೇಕು. ಮುಖ್ಯ ನಿರ್ಣಯಗಳಿಗೆ ಎರಡು ದಾರಿ: ಒಟ್ಟು ಬಹುಮತದ ಜೊತೆಗೆ ಎರಡೂ ಬಣಗಳಲ್ಲಿ ಪ್ರತ್ಯೇಕ ಬಹುಮತ, ಇಲ್ಲವೇ ಒಟ್ಟು 60%, ಎರಡೂ ಬಣಗಳಲ್ಲಿ ತಲಾ ಕನಿಷ್ಠ 40%. ಬಜೆಟ್ಟಿಗೂ ಇದೇ ನಿಯಮ, ಸ್ಪೀಕರ್ ಆಯ್ಕೆಗೂ ಇದೇ. 2022ರ ಮೇ ಚುನಾವಣೆಯ ನಂತರ 90 ಸ್ಥಾನಗಳಲ್ಲಿ 25 ಗೆದ್ದಿದ್ದ ಡಿಯುಪಿ ಬೆಂಬಲ ಕೊಡದೆ ಸ್ಪೀಕರ್ ಆಯ್ಕೆಯೇ ಆಗಲಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ 'ಇತರ' ಎಂದು ಬರೆಸಿದವರ ಮತಕ್ಕೆ ಬೆಲೆಯೇ ಇಲ್ಲವೇ?

ಉತ್ತರ 2:
ಒಟ್ಟು ಲೆಕ್ಕಕ್ಕೆ ಬರುತ್ತದೆ, ಬಣದ ಲೆಕ್ಕಕ್ಕಿಲ್ಲ. ನನಗೆ ಇದೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. 2001ರ ನವೆಂಬರ್ 2ರಂದು ಫಸ್ಟ್ ಮಿನಿಸ್ಟರ್ ಆಯ್ಕೆಗೆ ಸದನದಲ್ಲಿ ಮತ ಹಾಕಿದಾಗ ಯೂನಿಯನಿಸ್ಟ್ ನಾಯಕ ಡೇವಿಡ್ ಟ್ರಿಂಬಲ್ ಯೂನಿಯನಿಸ್ಟ್ ಬಣದಲ್ಲಿ 29–30ರಿಂದ ಸೋತರು. 'ಇತರ' ಎಂದು ಬರೆಸಿದ್ದ ಅಲಯನ್ಸ್ ಪಕ್ಷದ 3 ಸದಸ್ಯರು ತಮ್ಮನ್ನು ಯೂನಿಯನಿಸ್ಟ್ ಎಂದು ಬರೆಸಿಕೊಂಡ ಮೇಲೆ, 6ರಂದು 31–29ರಿಂದ ಗೆದ್ದರು. ಸರ್ಕಾರ ಉಳಿಸಲು ಆ ಮೂವರು ತಮ್ಮ ಗುರುತನ್ನೇ ಬದಲಿಸಬೇಕಾಯಿತು.

ಉತ್ತರ 3:
ಆ ಆಯ್ಕೆ ಪದ್ಧತಿ ಈಗಿಲ್ಲ. 2006ರ ಸೇಂಟ್ ಆಂಡ್ರ್ಯೂಸ್ ಒಪ್ಪಂದದ ನಂತರ ಪಕ್ಷಗಳೇ ಹೆಸರು ಸೂಚಿಸುತ್ತವೆ, ಸದನದ ಮತ ಬೇಕಿಲ್ಲ. ಆದರೆ ಸೂಚಿಸದೆ ಕೂತರೆ ಅಲ್ಲಿಗೇ ನಿಂತಿತು. 2017ರ ಜನವರಿಯಲ್ಲಿ ಡೆಪ್ಯುಟಿಯಾಗಿದ್ದ ಸಿನ್ ಫೇನ್‌ನ ಮಾರ್ಟಿನ್ ಮೆಕ್‌ಗಿನ್ನಿಸ್ ರಾಜೀನಾಮೆ ಕೊಟ್ಟಾಗ ಮೂರು ವರ್ಷ ಸರ್ಕಾರವಿರಲಿಲ್ಲ. 2022ರ ಬಿಕ್ಕಟ್ಟು ಬಿಡಿಸಲು ಎರಡು ವರ್ಷ ಹಿಡಿಯಿತು. 2024ರ ಫೆಬ್ರವರಿಯಲ್ಲಿ ಓನೀಲ್ ಫಸ್ಟ್ ಮಿನಿಸ್ಟರ್ ಆದರು, ಡಿಯುಪಿಯ ಎಮ್ಮಾ ಲಿಟಲ್-ಪೆಂಗೆಲ್ಲಿ ಡೆಪ್ಯುಟಿ. ಇಂದಿಗೂ ಇಬ್ಬರಲ್ಲಿ ಯಾರು ಬಿಟ್ಟರೂ ಇನ್ನೊಬ್ಬರ ಹುದ್ದೆ ಉಳಿಯುವುದಿಲ್ಲ.