ಅಪ್‌ಡೇಟ್: ಟೆಸ್ಟ್ ಡೇಟಾ ಲೋಡ್ ಆಗದ ಸಮಸ್ಯೆ ಬಗೆಹರಿಯಿತು

ಹೋದ ವಾರ ಒಂದು ಪ್ರಶ್ನೆ ಕೇಳಿದ್ದೆ. ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಲೆಕ್ಕದ ಆ್ಯಪ್ ಮಾಡುತ್ತಿದ್ದೇನೆ, ಟೆಸ್ಟ್ ಓಡಿಸಿದರೆ ಫಿಕ್ಸ್ಚರ್ (ಟೆಸ್ಟ್‌ಗೆ ಬೇಕಾದ ಡೇಟಾ ಇರುವ ಫೈಲ್) ಲೋಡ್ ಆಗುವಾಗಲೇ ‘ಇಂಟೆಗ್ರಿಟಿ ಎರರ್’ (ಡೇಟಾಬೇಸ್‌ನ ನಿಯಮ ಮುರಿದಾಗ ಬರುವ ದೋಷ) ಬರುತ್ತಿದೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಸರಿಹೋಗಿದೆ.

ತಪ್ಪು ಡಂಪ್‌ನಲ್ಲೇ (ಡೇಟಾಬೇಸ್‌ನಿಂದ ಆ ಫೈಲ್‌ಗೆ ಇಳಿಸಿದ ಪ್ರತಿಯಲ್ಲೇ) ಇತ್ತು. ಡಂಪ್‌ಡೇಟಾ ಕಮಾಂಡ್ ಕೊಟ್ಟು ಇಡೀ ಡೇಟಾಬೇಸ್‌ನ ಪ್ರತಿ ತೆಗೆದಿದ್ದೆ. ಅದರ ಜೊತೆ ಕಂಟೆಂಟ್‌ಟೈಪ್ (ಆ್ಯಪ್‌ನ ಮಾಡೆಲ್‌ಗಳ ಪಟ್ಟಿ), ಪರ್ಮಿಷನ್ (ಅನುಮತಿಗಳ ಪಟ್ಟಿ) ಟೇಬಲ್‌ಗಳೂ ಬಂದಿದ್ದವು. ಟೆಸ್ಟ್ ಡೇಟಾಬೇಸ್‌ನಲ್ಲಿ ಮೈಗ್ರೇಟ್ ಆದ (ಟೇಬಲ್‌ಗಳು ಸಿದ್ಧವಾದ) ಕೂಡಲೇ ಜಾಂಗೋ ಇವನ್ನು ತಾನೇ ತುಂಬಿಸಿರುತ್ತದೆ. ಹೆಸರು ಅದೇ, ಐಡಿ ಬೇರೆ. ಡಿಕ್ಕಿ ಹೊಡೆಯದೆ ಇರುತ್ತದಾ? ಆ ಎರಡನ್ನೂ ಎಕ್ಸ್‌ಕ್ಲೂಡ್ ಮಾಡಿ, ನ್ಯಾಚುರಲ್ ಫಾರಿನ್ ಆಯ್ಕೆ (ಬೇರೆ ಟೇಬಲ್‌ನ ಸಾಲನ್ನು ಐಡಿ ಬದಲು ಹೆಸರಿನಿಂದ ಗುರುತಿಸುವುದು) ಕೊಟ್ಟು ಮತ್ತೆ ಪ್ರತಿ ತೆಗೆದೆ. ಲೋಡ್ ಆಯಿತು.

ಆದರೆ ಫೈಲ್ ತೆರೆದು ನೋಡಿದರೆ ಬೆಳೆಗಾರರ ನಿಜವಾದ ಫೋನ್ ನಂಬರ್‌ಗಳು! ಎದೆ ಧಸಕ್ಕೆಂದಿತು. ನಂಬಿ ಕೊಟ್ಟ ನಂಬರ್ ಅವು, ಕೋಡ್ ಜೊತೆ ಊರೆಲ್ಲ ಸುತ್ತಬಾರದು, ಅಲ್ವಾ? ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಹಾಕುವ ಮೊದಲೇ ಆ ಫೈಲ್ ಅಳಿಸಿದೆ.

ಈಗ ಸೆಟ್‌ಅಪ್‌ಟೆಸ್ಟ್‌ಡೇಟಾದಲ್ಲಿ (ಟೆಸ್ಟ್‌ಗೆ ಬೇಕಾದ ಡೇಟಾವನ್ನು ಕೋಡ್‌ನಲ್ಲೇ ತುಂಬುವ ಜಾಂಗೋದ ಮೆಥಡ್) ನಾನೇ ನಾಲ್ಕು ಸಾಲು ಬರೆದಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ನಾಲ್ಕು ಬಗೆ, ಒಂದೊಂದು ಚೀಲ. ರಾಶಿಯ ತೂಕ ಬೇಕಂತಲೇ 64.350 ಕೆಜಿ ಇಟ್ಟೆ, ದಶಾಂಶದ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳಲಿ ಅಂತ. ಈ ಮೆಥಡ್ ಒಂದು ಟೆಸ್ಟ್ ಕ್ಲಾಸ್‌ಗೆ (ಟೆಸ್ಟ್‌ಗಳ ಗುಂಪಿಗೆ) ಒಂದೇ ಸಲ ಓಡುತ್ತದೆ. ಪ್ರತಿ ಟೆಸ್ಟ್ ಮುಗಿದ ಮೇಲೆ ಆ ಟೆಸ್ಟ್ ಮಾಡಿದ ಬದಲಾವಣೆ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ರದ್ದಾಗುತ್ತದೆ. ಕಾಯುವುದು ಎಷ್ಟೋ ಕಡಿಮೆಯಾಯಿತು.

ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್ (ಜಾಂಗೋದ ಇನ್ನೊಂದು ಬಗೆಯ ಟೆಸ್ಟ್ ಕ್ಲಾಸ್) ಬಳಸುವವರಿಗೆ ಮಾತ್ರ ಈ ಸೌಲಭ್ಯ ಇಲ್ಲ, ನೋಡಿಕೊಳ್ಳಿ.