ಮಣಿ ಓಲೆಗೆ ಯಾವ ಪಿನ್, ಯಾವ ಕೊಕ್ಕೆ?

ಪ್ರಶ್ನೆ: ಚನ್ನಪಟ್ಟಣದ ಮರದ ಮಣಿಗಳಿಂದ ಓಲೆ ಮಾಡಿ ಮಾರುತ್ತೇನೆ. ಎರಡು ದೂರುಗಳು ಮತ್ತೆ ಮತ್ತೆ ಬರುತ್ತಿವೆ. ಕೆಲವು ದಿನ ಹಾಕಿಕೊಂಡ ಮೇಲೆ ಮಣಿ ಕಳಚಿ ಬೀಳುತ್ತದೆ ಎನ್ನುವುದು ಒಂದು. ಕಿವಿಯ ತೂತಿನ ಸುತ್ತ ಕೆರೆತ ಬಂದು ನೀರು ಒಸರುತ್ತದೆ ಎನ್ನುವುದು ಇನ್ನೊಂದು. ಮಣಿ ಪೋಣಿಸುವ ತಂತಿಯ ಪಿನ್ 24 ಗೇಜಿನದು (ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ತಂತಿ ಸಣ್ಣ), ಕೊಕ್ಕೆ ಜರ್ಮನ್ ಸಿಲ್ವರ್‌ನದು. ಬೆಳ್ಳಿಯ ಕೊಕ್ಕೆಯಿಂದಲೂ ಅಲರ್ಜಿ ಆಗುತ್ತದೆಯೇ?

ಉತ್ತರ: ಕಿವಿಯ ವಿಷಯ ಮೊದಲು. ಕಳಚಿದ ಮಣಿಯನ್ನು ಮತ್ತೆ ಪೋಣಿಸಬಹುದು, ಅಲರ್ಜಿ ಹಾಗಲ್ಲ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ತಾಮ್ರ, ಸತು, ನಿಕಲ್ ಸೇರಿಸಿದ ಮಿಶ್ರಲೋಹ ಅದು. ಬೆಳ್ಳಿಯಂತೆ ಕಾಣುವುದು ನಿಕಲ್‌ನಿಂದ. ಬೆವರು ತಾಗಿದಾಗ ನಿಕಲ್ ಕಣಕಣವಾಗಿ ಕರಗಿ ಚರ್ಮಕ್ಕೆ ಇಳಿಯುತ್ತದೆ. ಕಿವಿ ಚುಚ್ಚಿದ ಜಾಗವಂತೂ ಅದಕ್ಕೆ ತೆರೆದ ಬಾಗಿಲು. ಒಮ್ಮೆ ಈ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಗಡಿಯಾರದ ಬಕಲ್, ಜೀನ್ಸ್ ಗುಂಡಿ ತಾಗಿದರೂ ಚರ್ಮ ಕೆರೆಯಲು ಶುರುವಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಇದಕ್ಕೆ ಕಾನೂನೇ ಇದೆ: ಚುಚ್ಚಿದ ತೂತಿನೊಳಗೆ ಹೋಗುವ ಭಾಗದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಕಡಿಮೆ ನಿಕಲ್ ಬಿಡುಗಡೆಯಾಗಬೇಕು. ಚರ್ಮಕ್ಕೆ ಬಹಳ ಹೊತ್ತು ತಾಗಿರುವ ಉಳಿದ ವಸ್ತುಗಳಿಗೆ ಮಿತಿ 0.5.

ಆದ್ದರಿಂದ ಕೊಕ್ಕೆಗೆ ಮಾತ್ರ ಜಿಪುಣತನ ಬೇಡ. 92.5 ಬೆಳ್ಳಿಯ, ಅಂದರೆ ನೂರರಲ್ಲಿ 92.5 ಪಾಲು ಬೆಳ್ಳಿ ಇರುವ ಕೊಕ್ಕೆ ಹಾಕಿ. ತುಂಬಾ ಸೂಕ್ಷ್ಮ ಚರ್ಮದವರಿಗೆ ಟೈಟಾನಿಯಂ ಅಥವಾ ನಿಯೋಬಿಯಂ ಸಿಕ್ಕರೆ ಇನ್ನೂ ಒಳ್ಳೆಯದು. 316ಎಲ್ ಎಂಬ ಬಗೆಯ ಸ್ಟೀಲ್‌ನಲ್ಲಿ ನಿಕಲ್ ಇದೆಯಾದರೂ ಅದು ಸುಲಭವಾಗಿ ಹೊರಬರುವುದಿಲ್ಲ, ಹೆಚ್ಚಿನವರಿಗೆ ಒಗ್ಗುತ್ತದೆ. ಚಿನ್ನದ ಲೇಪ ನೋಡಿ ಮೋಸಹೋಗಬೇಡಿ. ಎಷ್ಟೋ ಸಲ ಆ ಲೇಪದ ಕೆಳಗೆ ನಿಕಲ್‌ನ ಪದರವೇ ಇರುತ್ತದೆ, ಮೇಲಿನದು ಸವೆದ ಕೂಡಲೇ ಅದು ಚರ್ಮಕ್ಕೆ ತಾಗುತ್ತದೆ. ಅನುಮಾನವಿದ್ದರೆ ಡೈಮೀಥೈಲ್ ಗ್ಲೈಯಾಕ್ಸಿಮ್ ಹನಿಗಳ ಪರೀಕ್ಷಾ ಕಿಟ್ ತರಿಸಿಕೊಳ್ಳಿ. ಹನಿ ಹಾಕಿದ ಹತ್ತಿಯಿಂದ ಲೋಹವನ್ನು ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆ ಎಂದರ್ಥ. ಕಿವಿಗೆ ತಾಗದೆ ಕೆಳಗೆ ತೂಗುವ ಪಿನ್ನುಗಳು ಹಿತ್ತಾಳೆಯದಾದರೂ ಅಡ್ಡಿಯಿಲ್ಲ.

ಇನ್ನು ಮಣಿ ಕಳಚುವುದು. 24 ಗೇಜ್ ಎಂದರೆ ಸುಮಾರು 0.5 ಮಿ.ಮೀ. ಮಾತ್ರ, ಮರದ ಮಣಿಯ ತೂತು ಅದಕ್ಕಿಂತ ಎಷ್ಟೋ ದೊಡ್ಡದು. ಮಣಿ ಅಲ್ಲಾಡಿ ಅಲ್ಲಾಡಿ ಪಿನ್ನಿನ ತುದಿ ಬಗ್ಗಿಸಿ ಮಾಡಿದ ಸುರುಳಿಯ ಬಾಯಿ ಬಿಡಿಸುತ್ತದೆ, ಇಲ್ಲವೇ ಹೆಡ್ ಪಿನ್ನಿನ (ಒಂದು ತುದಿಯಲ್ಲಿ ಮೊಳೆಯಂತೆ ಚಪ್ಪಟೆ ತಲೆಯಿರುವ ಪಿನ್) ತಲೆಯೇ ತೂತಿನಿಂದ ನುಸುಳುತ್ತದೆ. 20 ಅಥವಾ 22 ಗೇಜಿಗೆ ಬನ್ನಿ, ಮಣಿಯ ಕೆಳಗೆ 3 ಮಿ.ಮೀ. ಹಿತ್ತಾಳೆ ಗುಂಡೊಂದನ್ನು ತಡೆಯಾಗಿ ಪೋಣಿಸಿ. ಅಂಗಡಿಯಲ್ಲಿ ಗೇಜ್ ಕೇಳುವುದಕ್ಕಿಂತ ಮಿಲಿಮೀಟರ್ ಕೇಳಿ. ಅಮೆರಿಕದ ಅಳತೆಯಲ್ಲಿ 20 ಗೇಜ್ 0.81 ಮಿ.ಮೀ., ಬ್ರಿಟಿಷ್ ಅಳತೆಯಲ್ಲಿ ಅದೇ 20 ಗೇಜ್ 0.91 ಮಿ.ಮೀ. ನಮ್ಮಲ್ಲಿ ಎರಡೂ ಬಳಕೆಯಲ್ಲಿವೆ.

ಸುರುಳಿ ಹಾಕುವಾಗ ಮಣಿಯ ಮೇಲೆ ಸುಮಾರು 9 ಮಿ.ಮೀ. ತಂತಿ ಬಿಟ್ಟು ಕತ್ತರಿಸಿ. ಮಣಿಗೆ ಅಂಟಿಕೊಂಡಂತೆ ಅದನ್ನು ಅಡ್ಡಕ್ಕೆ ಬಗ್ಗಿಸಿ, ದುಂಡು ಮೂತಿಯ ಇಕ್ಕಳದಲ್ಲಿ ತುದಿ ಹಿಡಿದು ಹಿಂದಕ್ಕೆ ಸುತ್ತಿ. ಆಮೇಲೆ ಒಂದು ಹೊಲಿಗೆ ದಾರವನ್ನು ಸುರುಳಿಯ ಬಾಯಿಯಲ್ಲಿ ಎಳೆದು ನೋಡಿ. ದಾರ ಹೊರಬಂದರೆ ಆ ಓಲೆ ಮಾರಾಟಕ್ಕಿನ್ನೂ ಸಿದ್ಧವಾಗಿಲ್ಲ. ಭಾರದ ಮಣಿಯಾದರೆ ತಂತಿಯನ್ನು ಇನ್ನೂ ಉದ್ದ ಬಿಟ್ಟು, ತುದಿಯನ್ನು ಸುರುಳಿಯ ಬುಡದ ನೇರ ತಂತಿಗೆ ಎರಡು ಮೂರು ಸುತ್ತು ಸುತ್ತಿಬಿಡಿ, ಅದು ಬಿಚ್ಚುವ ಪ್ರಶ್ನೆಯೇ ಇಲ್ಲ. ಜಂಪ್ ರಿಂಗನ್ನು (ಭಾಗಗಳನ್ನು ಜೋಡಿಸುವ, ಬಾಯಿ ತೆರೆಯಬಹುದಾದ ಸಣ್ಣ ಬಳೆ) ಎಂದೂ ಎಡಬಲಕ್ಕೆ ಹಿಗ್ಗಿಸಬೇಡಿ, ಒಂದು ತುದಿ ಮುಂದಕ್ಕೆ ಇನ್ನೊಂದು ಹಿಂದಕ್ಕೆ ಹೋಗುವಂತೆ ತಿರುಚಿ ತೆರೆಯಿರಿ. ಹಿಗ್ಗಿದ ರಿಂಗ್ ಮತ್ತೆ ದುಂಡಗಾಗುವುದಿಲ್ಲ.

ಮತ್ತೊಬ್ಬ ಸದಸ್ಯೆ: ಸಿಹಿನೀರಿನ ಮುತ್ತಿಗೂ 22 ಗೇಜ್ ಆಗುತ್ತದೆಯೇ? ಒತ್ತಿದರೂ ಹೋಗುತ್ತಿಲ್ಲ.

ಉತ್ತರ: ಒತ್ತಬೇಡಿ, ತೂತಿನ ಅಂಚಿನಲ್ಲಿ ಮುತ್ತು ಸೀಳುತ್ತದೆ. ಇಲ್ಲಿ 24 ಅಥವಾ 26 ಗೇಜೇ ಸರಿ. ತಂತಿ ಸಣ್ಣದಾದ್ದರಿಂದ ಸುತ್ತು ಹಾಕಿದ ಸುರುಳಿ ಕಡ್ಡಾಯ. ತೂತು ಹಿಗ್ಗಿಸಲೇಬೇಕಿದ್ದರೆ ವಜ್ರದ ಪುಡಿ ಲೇಪಿಸಿದ ಕೈ ಅರದಿಂದ, ಮುತ್ತನ್ನು ನೀರಿನಲ್ಲಿ ಮುಳುಗಿಸಿಟ್ಟುಕೊಂಡೇ ಮಾಡಿ. ಆ ಪುಡಿ ಉಸಿರಿನೊಳಗೆ ಹೋಗಬಾರದು.

ಮತ್ತೊಬ್ಬರು: ಟೆರಾಕೋಟಾ ಜುಮುಕಿಗೆ ಹಸಿ ಮಣ್ಣಿನಲ್ಲೇ ಹಿತ್ತಾಳೆಯ ಐ ಪಿನ್ (ತುದಿಯಲ್ಲಿ ಉಂಗುರದಂತೆ ಕಣ್ಣಿರುವ ಪಿನ್) ಚುಚ್ಚಿ ಸುಡಬಹುದೇ?

ಉತ್ತರ: ಬೇಡ. ಸುಡುವ ಬಿಸಿಗೆ ಹಿತ್ತಾಳೆ ಕಪ್ಪಾಗಿ ಬಿರುಸಾಗುತ್ತದೆ, ಅಲ್ಯೂಮಿನಿಯಂ ಆದರೆ 660 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿಹೋಗುತ್ತದೆ. ಬಿಸಿ ತಡೆಯುವುದು ನೈಕ್ರೋಮ್ ತಂತಿ. ಅದರಲ್ಲಿ ಬಹುಪಾಲು ನಿಕಲ್ ಇರುವುದರಿಂದ ಜುಮುಕಿಯ ನೆತ್ತಿಯ ಕೊಂಡಿಗೆ ಮಾತ್ರ ಬಳಸಿ, ಕಿವಿಯ ಕೊಕ್ಕೆಗೆ ಬೇಡ. ಇನ್ನೊಂದು ದಾರಿ, ಹಸಿಯಿದ್ದಾಗ ಬೇಕಾದದ್ದಕ್ಕಿಂತ ತುಸು ದೊಡ್ಡ ತೂತು ಮಾಡಿ ಸುಟ್ಟ ಮೇಲೆ ಪಿನ್ ಹಾಕುವುದು. ಒಣಗಿ ಸುಡುವಷ್ಟರಲ್ಲಿ ಮಣ್ಣು ಕುಗ್ಗುತ್ತದೆ, ತೂತೂ ಕಿರಿದಾಗುತ್ತದೆ.

ಮೊದಲು ಕೇಳಿದ ಸದಸ್ಯೆ: ಧನ್ಯವಾದ. ಈಗಾಗಲೇ ಮಾರಿದ ಓಲೆಗಳಿಗೆ ಏನು ಮಾಡಲಿ? ಉಳಿದ ಕೊಕ್ಕೆಗಳನ್ನು ಎಸೆಯಬೇಕೇ? ಗಿರಾಕಿಗಳು ಸ್ಪಿರಿಟ್‌ನಿಂದ ಒರೆಸಿ ಹಾಕಿಕೊಂಡರೆ ಸಾಕಾಗುವುದಿಲ್ಲವೇ?

ಉತ್ತರ: ಸ್ಪಿರಿಟ್ ಕೀಟಾಣುಗಳನ್ನು ಕೊಲ್ಲಬಹುದು, ನಿಕಲ್‌ಗೆ ಅದರಿಂದ ಏನೂ ಆಗದು. ಜೊತೆಗೆ ಚನ್ನಪಟ್ಟಣದ ಮಣಿಯ ಬಣ್ಣ ಕೂತಿರುವುದೇ ಅರಗಿನಲ್ಲಿ, ಅರಗು ಸ್ಪಿರಿಟ್‌ಗೆ ಕರಗುತ್ತದೆ. ಸ್ಯಾನಿಟೈಸರ್ ಕೈ ತಾಗಿದರೂ ಹೊಳಪು ಮಂಕಾಗುತ್ತದೆ ಎಂದು ಓಲೆಯ ಜೊತೆ ಚೀಟಿಯಲ್ಲಿ ಬರೆದು ಕೊಡಿ.

ದೂರು ಹೇಳಿದವರಿಗೆಲ್ಲ ಬೆಳ್ಳಿಯ ಕೊಕ್ಕೆಯನ್ನು ಉಚಿತವಾಗಿ ಬದಲಿಸಿಕೊಡಿ. ನೀರು ಒಸರುತ್ತಿರುವವರು ಗಾಯ ಒಣಗುವವರೆಗೆ ಯಾವ ಓಲೆಯನ್ನೂ ಹಾಕದೆ ಚರ್ಮವೈದ್ಯರನ್ನು ಕಾಣಲಿ. ಉಳಿದ ಕೊಕ್ಕೆಗಳನ್ನು ಓಲೆಗೆ ಬಳಸಬೇಡಿ. ಬಾಗಿಲ ತೋರಣಕ್ಕೋ ಚೀಲದ ಗೊಂಡೆಗೋ ಮಣಿ ತೂಗಿಸಲು ಇಟ್ಟುಕೊಳ್ಳಿ. ಹೊಸ ಓಲೆಗಳ ಬೆಲೆಯಲ್ಲಿ ಕೊಕ್ಕೆಯ ಖರ್ಚು ಸೇರಿಸಿ, ಯಾವ ಲೋಹವೆಂದು ರಟ್ಟಿನ ಮೇಲೆ ಸ್ಪಷ್ಟವಾಗಿ ಬರೆಯಿರಿ.