ಕಡಲಪಾಚಿಯ ಕ್ಯಾಪ್ಸೂಲ್ ನುಂಗಿ ಇನ್ಹೇಲರ್ ಬಿಡಬಹುದೇ?

ಮದ್ದೂರಿನವ:
ನನ್ನ ತಂಗಿಗೆ ಧೂಳಿನ ಅಲರ್ಜಿಯಿಂದ ಬಂದ ಆಸ್ತಮಾ ಇದ್ದು, ಭತ್ತದ ಒಕ್ಕಣೆಯ ಕಾಲದಲ್ಲಿ ಮತ್ತು ಕಬ್ಬಿನ ತರಗಿಗೆ ಬೆಂಕಿಯಿಡುವ ದಿನಗಳಲ್ಲಿ ಉಬ್ಬಸ ಹೆಚ್ಚುತ್ತದೆ. ವೈದ್ಯರು ಬರೆದುಕೊಟ್ಟ ಸ್ಟೆರಾಯ್ಡ್ ಇನ್ಹೇಲರ್ ಬಳಸುತ್ತಿದ್ದಾಳೆ. ಬಂಧುಗಳೊಬ್ಬರು ಮೈಸೂರಿನಿಂದ ಫ್ಯೂಕಾಯ್ಡಾನ್ ಎಂಬ ಕಡಲಪಾಚಿಯ ಕ್ಯಾಪ್ಸೂಲ್ ತಂದುಕೊಟ್ಟು, ಇನ್ನು ಇನ್ಹೇಲರ್ ಬೇಡ ಎನ್ನುತ್ತಿದ್ದಾರೆ. ಈ ಮಾತಿಗೆ ಆಧಾರವಿದೆಯೇ?

ಔಷಧಶಾಸ್ತ್ರ ಬೋಧಕಿ, ಮೈಸೂರು:
ಆಧಾರವಿದೆ, ಆದರೆ ಬಹುಪಾಲು ಇಲಿಗಳಲ್ಲಿ. ಅಲರ್ಜಿಯ ಆಸ್ತಮಾದಲ್ಲಿ ಐಜಿಇ ಎಂಬ ಪ್ರತಿಕಾಯಗಳು (ಅಲರ್ಜಿ ತರುವ ಕಣವನ್ನು ಗುರುತಿಸುವ ಪ್ರೋಟೀನುಗಳು) ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಅಂಟಿಕೊಂಡಿರುತ್ತವೆ. ಅಲರ್ಜಿ ತರುವ ಕಣ ಅವಕ್ಕೆ ತಗುಲಿದೊಡನೆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲಿ ಶ್ವಾಸನಾಳ ಬಿಗಿಯುತ್ತದೆ. ಕಂದು ಪಾಚಿಗಳ ಫ್ಯೂಕಾಯ್ಡಾನ್, ಎಕ್ಲೋನಿಯಾ ಕಾವಾ ಎಂಬ ಕಂದು ಪಾಚಿಯ ಫ್ಲೋರೊಟ್ಯಾನಿನ್‌ಗಳೆಂಬ ವಸ್ತುಗಳು ಈ ಪ್ರಕ್ರಿಯೆಯನ್ನು ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಮೊಟ್ಟೆಯ ಬಿಳಿಯ ಪ್ರೋಟೀನು ಕೊಟ್ಟು ಅಲರ್ಜಿ ಬರಿಸಿದ ಇಲಿಗೂ ವರ್ಷಗಟ್ಟಲೆ ಒಕ್ಕಣೆಯ ಧೂಳು ಕುಡಿದ ಮನುಷ್ಯರಿಗೂ ಇರುವ ಅಂತರವನ್ನು ಮಾತ್ರ ಪೊಟ್ಟಣದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಈ ದಾರಿಯಲ್ಲಿ ಬಹುದೂರ ಸಾಗಿದ್ದು ಸ್ಪಂಜಿನ ವಸ್ತು. ಪೆಟ್ರೋಸಿಯಾ ಕಾಂಟಿಗ್ನಾಟಾ ಎಂಬ ಕಡಲ ಸ್ಪಂಜಿನಲ್ಲಿ ಸಿಕ್ಕ ಕಾಂಟಿಗ್ನಸ್ಟೆರಾಲ್ ಕುರಿತು 1992ರಲ್ಲಿ ವರದಿಯಾಯಿತು. ಅದು ಹಿಸ್ಟಮಿನ್ ಬಿಡುಗಡೆಯನ್ನು ತಡೆಯುತ್ತಿತ್ತು. ಅದರ ಮಾದರಿಯಲ್ಲಿ ತಯಾರಿಸಿದ ಐಪಿಎಲ್576092 ಮನುಷ್ಯರ ಮೇಲಿನ 2ನೇ ಹಂತದ ಪರೀಕ್ಷೆಯವರೆಗೆ ಬಂದರೂ ಔಷಧವಾಗಿ ಅಂಗಡಿಗೆ ಬರಲಿಲ್ಲ.

ಕುವೆಂಪುನಗರದ ಓದುಗ:
ಮೀನೆಣ್ಣೆಯನ್ನು ತಾವು ಬಿಟ್ಟಿದ್ದೀರಿ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 2.4 ಗ್ರಾಂ ಒಮೆಗಾ-3 (ಮೀನೆಣ್ಣೆಯಲ್ಲಿರುವ ಕೊಬ್ಬಿನಾಮ್ಲ) ಕೊಟ್ಟಾಗ, ಅವರ ಮಕ್ಕಳಲ್ಲಿ ನಿರಂತರ ಉಬ್ಬಸ ಅಥವಾ ಆಸ್ತಮಾ ಶೇ. 16.9ರಷ್ಟಿತ್ತು, ಅದನ್ನು ಕೊಡದ ಗುಂಪಿನಲ್ಲಿ ಶೇ. 23.7. ಅದು ಇಲಿಗಳ ಅಧ್ಯಯನವಲ್ಲ.

ಔಷಧಶಾಸ್ತ್ರ ಬೋಧಕಿ, ಮೈಸೂರು:
ನಿಜ, ಅದು ಒಳ್ಳೆಯ ಅಧ್ಯಯನ. ಆದರೆ ಅದು ಹುಟ್ಟುವ ಮಗುವಿಗೆ ಕಾಯಿಲೆ ಬಾರದಂತೆ ತಡೆಯುವ ಮಾತು. ಈಗಾಗಲೇ ಆಸ್ತಮಾ ಇರುವ ಈ ಹೆಣ್ಣುಮಗಳಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ. (ಮೃಗಶಿರಾ ದಿನ ಹೈದರಾಬಾದಿನಲ್ಲಿ ಆಸ್ತಮಾಕ್ಕೆ ಮದ್ದೆಂದು ನುಂಗಿಸುವ ಮರಿಮೀನನ್ನೂ ಇದರ ಜೊತೆ ಸೇರಿಸಬೇಡಿ!) ಇನ್ನೊಂದು ವಿಷಯ: ಕಂದು ಪಾಚಿಯಲ್ಲಿ ಅಯೋಡಿನ್ ವಿಪರೀತವಿರಬಹುದು, ಅದು ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕೆಡಿಸಬಹುದು; ಫ್ಯೂಕಾಯ್ಡಾನ್‌ಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವೂ ಇದೆ. ತಮ್ಮ ತಂಗಿ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?

ಮದ್ದೂರಿನವ:
ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ, ಮೇಡಂ. ಪೊಟ್ಟಣದ ಮೇಲೆ ಅಯೋಡಿನ್ ಪ್ರಮಾಣವನ್ನೇ ನಮೂದಿಸಿಲ್ಲ. ಮುಂದಿನ ತಪಾಸಣೆಗೆ ಅದನ್ನು ಒಯ್ದು ವೈದ್ಯರಿಗೆ ತೋರಿಸುತ್ತೇವೆ; ಅಲ್ಲಿಯವರೆಗೆ ಇನ್ಹೇಲರ್ ಮಾತ್ರ.